ವೇಣೀದಾನಕ್ಕೆ ರಜಾ

೨೭ ಜೂನ್ ೧೯೪೭, ಶುಕ್ರವಾರ. ಮಾನ್ವಿ.

ಮತ್ತೆ ರೈಲಿನ ಟೈಮ್ ಟೇಬಲ್. ಶಾಲೆಗೆ ಜುಮ್ಮಾದ ರಜಾ. ಊಟ ಮುಗಿದ ಕೂಡಲೇ ಆ ದಪ್ಪ ಪುಸ್ತಕ ಬಿಚ್ಚಿ ಕೂತೆ. ರಾಯಚೂರು ಸ್ಟೇಷನ್ನಿನ ಗೂಡ್ಸ್ ಕ್ಲರ್ಕಿನಿಂದ ಎರಡು ವಾರಕ್ಕೆಂದು ತಂದದ್ದು. ಎರಡು ತಿಂಗಳಾಯಿತು. ರಾಯಚೂರು, ವಾಡಿ, ಸೋಲಾಪುರ, ಧೋಂಡ್. ಅಲ್ಲಿ ಗಾಡಿ ಬದಲು. ಮನಮಾಡ, ಇಟಾರ್ಸಿ, ಜಬಲ್ಪುರ, ಅಲಹಾಬಾದ್ — ಅದೇ ಪ್ರಯಾಗ. ಮುಂದೆ ಕಾಶಿ, ಗಯಾ, ಕಲಕತ್ತಾ, ಪುರಿ, ಬೆಜವಾಡ, ಮದ್ರಾಸ್, ರಾಮೇಶ್ವರ. ತಿರುಗಿ ಗುಂತಕಲ್ ಮೇಲೆ ರಾಯಚೂರು. ಐವತ್ತೆರಡು ದಿನ. ಅಟ್ಲಾಸಿನ ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆದಿದ್ದೇನೆ. ದೇಶಕ್ಕೇ ಒಂದು ಪ್ರದಕ್ಷಿಣೆ ಹಾಕಿದ ಹಾಗೆ ಕಾಣುತ್ತದೆ.

ಇಪ್ಪತ್ತಾರು ವರ್ಷ ಜಾಗ್ರಫಿ ಕಲಿಸಿದ್ದೇನೆ, ಉರ್ದುವಿನಲ್ಲಿ. ಗಂಗೆ ಎಲ್ಲಿ ಹುಟ್ಟುತ್ತಾಳೆ, ಯಾವ ಪ್ರಾಂತದಲ್ಲಿ ಯಾವ ಭಾಷೆ, ಎಲ್ಲಿ ಅನ್ನ ಉಣ್ಣುತ್ತಾರೆ, ಎಲ್ಲಿ ಗೋಧಿ — ಕಣ್ಣು ಮುಚ್ಚಿ ಹೇಳುತ್ತೇನೆ. ನಾನು ನೋಡಿದ ಅತಿ ದೂರದ ಊರು ಹೈದರಾಬಾದ್. ಅದೂ ಪರೀಕ್ಷೆ ಬರೆಯಲು.

ಭಾಮಾ ಪಕ್ಕದಲ್ಲಿ ಅವಲಕ್ಕಿ ಹಸನು ಮಾಡುತ್ತಿದ್ದಳು.

"ಪ್ರಯಾಗದಾಗ ಎಷ್ಟು ದಿನ ಬರ್ದೀರಿ?"

"ಮೂರು."

"ಉಳಿದ ನಲವತ್ತೊಂಬತ್ತೂ ನಿಮಗ ಇರಲಿ. ಆ ಮೂರು ನನಗ."

ಅವಳ ಲೆಕ್ಕ ಸರಳ. ಪ್ರಯಾಗದಲ್ಲಿ ವೇಣೀದಾನ ಆಗಬೇಕು. ಗಂಡ ಹೆಂಡತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾನೇ ತಲೆ ಬಾಚಿ, ಜಡೆ ಹೆಣೆದು, ಅವಳನ್ನು ಕೇಳಿ, ಅವಳು ಹೂಂ ಅಂದ ಮೇಲೆ ತುದಿ ಕತ್ತರಿಸಿ ಸಂಗಮಕ್ಕೆ ಬಿಡುವುದು. ಎರಡು ಬೆರಳಗಲ ಸಾಕು. ಮುತ್ತೈದೆಯರಿಗೆ ಮಾತ್ರ ಇರುವ ದಾನ. ಅವಳ ತಾಯಿಗೆ ಆಗಲಿಲ್ಲ, ನನ್ನ ತಾಯಿಗೂ ಆಗಲಿಲ್ಲ — ಇಬ್ಬರೂ ಬೇಗ ವಿಧವೆಯರಾಗಿ ತಲೆಗೆ ಹಜಾಮನ ಕತ್ತಿ ಬಿತ್ತು. ನಮಗೆ ಮಕ್ಕಳಿಲ್ಲ. ಮೂವತ್ತು ವರ್ಷದಲ್ಲಿ ಸೀರೆ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. ಇದೊಂದು ಕೇಳಿದಳು. ಎಣ್ಣೆ ಹಚ್ಚಿಕೊಳ್ಳುವಾಗ ಅವಳು ಮಣೆಯ ಮೇಲಿದ್ದರೆ ಕೂದಲು ನೆಲದ ಮೇಲಿರುತ್ತದೆ. ಅಷ್ಟುದ್ದ.

ಇದನ್ನೆಲ್ಲ ಬಾಯಿಬಿಟ್ಟು ಹೇಳಿಕೊಂಡೇ ಬರೆಯುತ್ತಿದ್ದೆನಂತೆ. ನನ್ನ ಚಾಳಿ ಅದು. ಅಡಿಗೆಮನೆಯಿಂದ ಕೂಗಿದಳು —

"ಯಾರ ಜೋಡಿ ಮಾತಾಡ್ಲಿಕತ್ತೀರಿ?"

"ಡೈರಿ ಜೋಡಿ."

"ಅದರ ಪುಣ್ಯ, ಕಿವಿ ಇಲ್ಲ."

ರಜಾ ಮಂಜೂರಾಗಿದೆ. ಜುಲೈ ಏಳಕ್ಕೆ ಹೊರಡುವುದು.

೯ ಜುಲೈ, ಬುಧವಾರ. ಮಾನ್ವಿ.

ಹೌದು, ಮಾನ್ವಿ. ತಿರುಗಿ ಬಂದಿದ್ದೇವೆ.

ಸೋಮವಾರ ಪೆಟ್ಟಿಗೆ, ಹಾಸಿಗೆ ಸುರುಳಿ, ನೀರಿನ ತಂಬಿಗೆ ಸಮೇತ ರಾಯಚೂರು ಮುಟ್ಟಿದೆವು. ಮರುದಿನ ಗಾಡಿ. ರಾತ್ರಿ ಮಟ್ಟಿಗೆ ನರಸಿಂಹಾಚಾರ್ ಮನೆ — ನನ್ನ ದೊಡ್ಡಪ್ಪನ ಮಗ, ಗುಡಿಯ ಅರ್ಚಕ, ನನಗಿಂತ ಹತ್ತು ವರ್ಷ ಹಿರಿಯ. ಊಟವಾದ ಮೇಲೆ ನನ್ನ ನಕ್ಷೆ ಬಿಚ್ಚಿದೆ. ಸುಮ್ಮನಿರಲಾಗಲಿಲ್ಲ. ಊರೂರೂ ಓದಿ ಹೇಳಿದೆ, ತಾರೀಖು ಸಮೇತ. ಅಣ್ಣ ಪಂಚಾಂಗ ತೆಗೆದ.

"ಶೇಷಗಿರಿ, ಹದಿನೆಂಟಕ್ಕ ಅಧಿಕ ಶ್ರಾವಣ ಬರ್ತದಲ್ಲೋ. ನೋಡಿಲ್ಲೇನು?"

ನೋಡಿರಲಿಲ್ಲ. ರೈಲಿನ ಪುಸ್ತಕ ನೋಡಿದ್ದೆ, ಪಂಚಾಂಗ ನೋಡಿರಲಿಲ್ಲ.

"ಮೊದಲನೇ ಸಲ ತೀರ್ಥ ನೋಡೋದು ಅಧಿಕದಾಗ ಬರಂಗಿಲ್ಲ. ಪ್ರಯಾಗ, ಕಾಶಿ ಹದಿನೆಂಟರೊಳಗ ಆಗ್ತಾವ. ಪುರಿ, ರಾಮೇಶ್ವರ ಕೆಡ್ತಾವ. ಆಗಸ್ಟ್ ಹದಿನೇಳಕ್ಕ ನಿಜ ಶ್ರಾವಣ. ಆಗ ಹೊರಡು."

ಭಾಮಾ ಬಾಗಿಲ ಸಂದಿಯಿಂದ ಕೇಳುತ್ತಿದ್ದಳು. ಭಾವನವರ ಎದುರಿಗೆ ಮಾತಾಡುವವಳಲ್ಲ. ನನ್ನನ್ನು ಒಳಗೆ ಕರೆದಳು.

"ಪ್ರಯಾಗ ಒಂದಾದ್ರ ಸಾಕ್ರಿ. ಅಲ್ಲಿಂದನ ತಿರುಗಿ ಬಂದುಬಿಡೋಣು. ಉಳಿದದ್ದು ಇನ್ನೊಮ್ಮೆ."

ನಾನು ಏನೆಂದೆ? ಬರೆದಿಡುತ್ತೇನೆ. "ಅರ್ಧಂಬರ್ಧ ಯಾತ್ರೆ ಯಾಕ? ಹೋದರ ಪೂರಾ ಹೋಗಬೇಕು. ಇಷ್ಟು ದಿನ ತಡದೀವಿ, ನಲವತ್ತು ದಿನ ಏನು ದೊಡ್ಡದು?"

ಅವಳು ಹಾಸಿಗೆ ಸುರುಳಿಯ ಹಗ್ಗ ಮುಟ್ಟಿ ನೋಡಿದಳು. ಇವತ್ತು ಬಸ್ಸು ಕಲ್ಮಲದಲ್ಲಿ ನಿಂತಾಗ ಯಾರೋ ಕೇಳಿದರು — "ಯಾತ್ರಾ ಮುಗಿಸಿ ಬಂದ್ರೇನ್ರಿ ಬಾಯಾರ?" "ಹೂಂ" ಅಂದಳು.

ಮಂಜೂರಾದ ರಜಾ ನಾನೇ ರದ್ದು ಮಾಡಿಸಿದೆ. ಆಗಸ್ಟಿಗೆ ಮತ್ತೆ ಕೇಳಿದರಾಯಿತು.

೧೬ ಆಗಸ್ಟ್, ಶನಿವಾರ.

ನಿನ್ನೆ ಶುಕ್ರವಾರ, ಶಾಲೆ ಇರಲಿಲ್ಲ. ಊರು ಸುಮ್ಮನಿತ್ತು. ಹೊಳೆಯಾಚೆಯಿಂದ ಬಂದವರು ಪಿಸುಮಾತಿನಲ್ಲಿ ಹೇಳಿದರು — ಆಚೆ ಮನೆಮನೆಗೂ ಬಾವುಟವಂತೆ. ತುಂಗಭದ್ರೆಯ ಆ ದಂಡೆ ಹಿಂದೂಸ್ತಾನ. ಈ ದಂಡೆ ನಿಜಾಮರದು. ಇವತ್ತು ಕ್ಲಾಸಿಗೆ ಹೋದರೆ ಗೋಡೆಯ ಮೇಲೆ ಇಂಡಿಯಾ ನಕ್ಷೆ ಇಲ್ಲ. ಮೊಳೆ ಮಾತ್ರ ಇದೆ. ಹೆಡ್ ಮಾಸ್ತರು ಹೇಳಿದರು, ಹೊಸದು ಬರುವ ತನಕ ನದಿ ಪರ್ವತ ಕಲಿಸಿರಿ, ಗಡಿ ಕಲಿಸಬೇಡಿ.

ಮನೆಯಲ್ಲಿ ತಮಾಷೆಗೆ ಹೇಳಿದೆ, "ನೋಡು ಭಾಮಾ, ಜುಲೈದಾಗ ಹೋಗಿದ್ರ ಅದು ಬರೇ ತಿರುಗಾಟ. ಈಗ ಪರದೇಶ ಯಾತ್ರೆ."

ನಗಲಿಲ್ಲ.

೨೯ ಆಗಸ್ಟ್.

ಸರಕಾರಿ ನೌಕರ ಸರಹದ್ದು ದಾಟಬೇಕಾದರೆ ಈಗ ಬೇರೆಯೇ ಅರ್ಜಿ. ವಲಿ ಪಾಷಾನ ಮನೆಗೆ ಹೋದೆ. ಶಾಲೆಯಲ್ಲಿ ಫಾರಸಿ ಕಲಿಸುತ್ತಾನೆ. ಹದಿನೆಂಟು ವರ್ಷದ ದೋಸ್ತ. ಅವನ ಅಕ್ಷರ ನೋಡಿದರೆ ಸಾಹೇಬರು ಇಲ್ಲ ಅನ್ನಲಾರರು ಎಂಬ ಆಸೆ. ಪ್ರಯಾಣದ ಕಾರಣ ಎಂಬಲ್ಲಿ ಲೇಖನಿ ನಿಲ್ಲಿಸಿದ.

"ಇಲ್ಲೇನು ಬರೀಲಿ? ಬೀವಿ ಜಡಿ ಕತ್ತರಿಸೋದು ಅಂತ ಬರೀಲೇನು? ಸಾಹೇಬ್ರು ಕೇಳ್ತಾರ — ಕ್ಯೋಂ ಮಾಸ್ತರ್, ಮಾನ್ವಿಯಾಗ ಕತ್ತರಿ ಸಿಗೂದಿಲ್ಲೇನು?"

ಅವನ ಹೆಂಡತಿ ಅನ್ವರಿ ಬೇಗಂ ಪರದೆಯ ಹಿಂದೆ ನಕ್ಕದ್ದು ಕೇಳಿಸಿತು. ನಾನೂ ನಕ್ಕೆ. ಆಮೇಲೆ ಇಡೀ ವಿಧಿ ವಿವರಿಸಿದೆ. ಅವನು ಕೇಳುತ್ತ ಕೇಳುತ್ತ ಗಂಭೀರನಾದ. 'ಜಿಯಾರತ್' — ಪುಣ್ಯಸ್ಥಳದ ದರ್ಶನ — ಎಂದು ಬರೆದ.

"ಇದು ಅವ್ರಿಗೂ ತಿಳೀತದ. ಆದ್ರ ಒಂದ್ ಮಾತು ಮಾಸ್ತರ್. ಬಸ್ಸಿನ್ಯಾಗ, ಹಜಾಮನ ಕಡಿ, ಅಂಗಡಿ ಕಟ್ಟಿ ಮ್ಯಾಲ — ಎಲ್ಲಾ ಕಡಿ ನಕ್ಷಾ ಬಿಚ್ಚಬ್ಯಾಡ್ರಿ. ಈಗ ನಕ್ಷಾ ಹಿಡಕೊಂಡು ಅಡ್ಡ್ಯಾಡೋ ದಿನ ಅಲ್ಲ."

ಸರಿ ಅಂದೆ.

೪ ಅಕ್ಟೋಬರ್.

ಬಿಚ್ಚಿದ್ದೆ. ಎಲ್ಲ ಕಡೆ ಬಿಚ್ಚಿದ್ದೆ. ಪೋತ್ನಾಳದ ಅಂಗಡಿಯಲ್ಲಿ ಚಹಾ ಕುಡಿಯುತ್ತ ನಾಲ್ಕು ಮಂದಿಗೆ ತೋರಿಸಿದ್ದೆ — ಎಲ್ಲಿ ಗಾಡಿ ಹತ್ತಬೇಕು, ಎಲ್ಲಿ ಇಳಿಯಬೇಕು, ಎಲ್ಲಿಂದ ಹಿಂದೂಸ್ತಾನ ಶುರು. ಕೇಳುವವರಿದ್ದರೆ ನನಗೆ ಹೊತ್ತು ತಿಳಿಯುವುದಿಲ್ಲ.

ಯಾರೋ ಕಚೇರಿಗೆ ಮುಟ್ಟಿಸಿದ್ದಾರೆ. ಮಾಸ್ತರು ಜನಕ್ಕೆ ಓಡಿಹೋಗುವ ದಾರಿ ಹೇಳಿಕೊಡುತ್ತಾನೆ ಎಂದು. ವಿಚಾರಣೆ ಆಯಿತು. ನಕ್ಷೆ ಕಸಿದುಕೊಂಡರು. ರಜಾ ಇಲ್ಲ. ದೇವದುರ್ಗಕ್ಕೆ ವರ್ಗ. ಎಂಟು ದಿನದೊಳಗೆ ಹಾಜರಾಗಬೇಕು.

ಭಾಮಾಗೆ ಹೇಳಿದಾಗ ಒಂದೇ ಕೇಳಿದಳು — "ದೇವದುರ್ಗದಿಂದ ರೈಲು ದೂರ ಆಗ್ತದಲ್ರೀ?"

೧೮ ಜನವರಿ ೧೯೪೮. ದೇವದುರ್ಗ.

ಮೂರು ತಿಂಗಳು ಬರೆದಿಲ್ಲ. ಬರೆಯುವಂಥದ್ದು ಬಾಯಿಬಿಟ್ಟು ಹೇಳುವಂಥದ್ದಲ್ಲ. ನಿಜಾಮರ ಪರ ಕತ್ತಿ ಹಿಡಿದ ರಜಾಕಾರರ ಸುದ್ದಿ. ದಿನಕ್ಕೊಂದು ಮನೆಗೆ ಬೀಗ. ಜನ ಹೊಳೆ ದಾಟಿ ಆಚೆಯ ಕ್ಯಾಂಪಿಗೆ ಹೋಗುತ್ತಿದ್ದಾರೆ.

ಪಕ್ಕದ ಮನೆ ವೀರಭದ್ರಮ್ಮ, ಹತ್ತಿ ವ್ಯಾಪಾರಿ ಜಂಬಣ್ಣನ ತಾಯಿ. ಗಟ್ಟಿ ಹೆಂಗಸು. ಬಂದ ದಿನವೇ ಭಾಮಾನ ಕೂದಲು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಯವ್ವಾ! ಇಷ್ಟು ಹೊತಗೊಂಡು ಹೆಂಗ ಅಡ್ಡ್ಯಾಡ್ತೀರಿ ಬಾಯಾರ?" ಭಾಮಾ ಹೇಳಿದಳು, "ಒಂದು ಕಡೆ ಮುಟ್ಟಿಸೋದದ ರೀ. ಅಲ್ಲಿ ತನಕ ಹೊರಬೇಕು."

ಪೆಟ್ಟಿಗೆ ಇನ್ನೂ ಹಾಗೇ ಇದೆ. ಜುಲೈಯಲ್ಲಿ ಕಟ್ಟಿದ್ದು. ಬಿಚ್ಚಲು ಬಿಟ್ಟಿಲ್ಲ.

೧೧ ಏಪ್ರಿಲ್.

ನಿನ್ನೆ ಯುಗಾದಿ. ವಲಿ ಪಾಷಾ ಮಾನ್ವಿಯಿಂದ ಸೈಕಲ್ ಮೇಲೆ ಬಂದಿದ್ದ. ಇಷ್ಟು ದೂರ! ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಧ್ವನಿ ತಗ್ಗಿಸಿದ.

"ಹೊಳಿ ಸಣ್ಣದಾಗ್ಯದ. ಹರಗೋಲಿನ ಅಮೀರ್ ಸಾಬ್ ನಮ್ಮವ. ಬೆಳಗಾಗೋದ್ರೊಳಗ ಆಚೀ ದಂಡಿಗೆ ಬಿಡ್ತಾನ. ಆದವಾನಿಗೆ ಹೋಗಿ ರೈಲು ಹತ್ರಿ. ಭಾಭಿಗೆ ಮಾತು ಕೊಟ್ಟೀರಿ. ನಾ ಇದ್ದೀನಿ, ಬರ್ರಿ."

ಭಾಮಾ ಆಗಲೇ ಎದ್ದು ನಿಂತಿದ್ದಳು. ಕಣ್ಣು ನನ್ನ ಬಾಯಿಯ ಮೇಲೆ.

ನಾನು ಮಾತಾಡಿದೆ. ಬಹಳ ಮಾತಾಡಿದೆ. ಪರವಾನಗಿ ಇಲ್ಲದೆ ದಾಟಿದರೆ ನೌಕರಿ ಹೋಗುತ್ತದೆ, ಇಪ್ಪತ್ತೇಳು ವರ್ಷದ ಸರ್ವೀಸು... ಪರೀಕ್ಷೆ ಪೇಪರು ನನ್ನ ಕೈಯಲ್ಲಿವೆ... ಮೇ ತಿಂಗಳಲ್ಲಿ ಏನಾದರೂ ರಾಜಿ ಆಗುತ್ತದಂತೆ, ಪತ್ರಿಕೆಯಲ್ಲಿದೆ... ವಲಿ ಪಾಷಾ ತಲೆ ತಗ್ಗಿಸಿ ಕೇಳಿದ. ಚಪ್ಪಲಿ ಮೆಟ್ಟಿಕೊಂಡ.

ಅವನು ಹೋದ ಮೇಲೆ ಭಾಮಾ ಪೆಟ್ಟಿಗೆ ಬಿಚ್ಚಿದಳು. ಒಂದೊಂದೇ ಸೀರೆ ತೆಗೆದು ಕೊಡವಿ ಗೂಟಕ್ಕೆ ಹಾಕಿದಳು. ಅವಲಕ್ಕಿಯಲ್ಲಿ ಹುಳ. ಹಿತ್ತಲಿಗೆ ಚೆಲ್ಲಿದಳು. ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆ.

೨೩ ಮೇ.

ಭಾಮಾಗೆ ಜ್ವರ. ಒಂಬತ್ತನೇ ದಿನ. ಇಳಿಯುತ್ತಿಲ್ಲ.

೩೦ ಮೇ.

ವಿಷಮಶೀತ ಎಂದರು ಪೇಟೆಯ ಡಾಕ್ಟರು. ಔಷಧ ಸೋಲಾಪುರದಿಂದ ಬರಬೇಕು, ಗಡಿಯಲ್ಲಿ ಸಾಮಾನು ನಿಂತಿದೆ, ಉಪ್ಪು ಕೂಡ ಬರುತ್ತಿಲ್ಲ. ಗಂಜಿ, ತಣ್ಣೀರ ಬಟ್ಟೆ. ಇಷ್ಟೇ.

ಹೊರಗೆ ಬಂದು ಹೇಳಿದರು, "ಮಾಸ್ತರ್, ತಲಿಗೂದಲು ತೆಗಸ್ರಿ. ಇಷ್ಟು ಕೂದಲದಾಗ ಕಾವು ನಿಲ್ತದ. ಮೆದುಳಿಗೆ ಏರ್ತದ."

ಅವಳಿಗೆ ಆಗ ಎಚ್ಚರವಿತ್ತು. ಪೂರಾ ಎಚ್ಚರ. ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು. ನನ್ನ ಕೈ ಹಿಡಿದಳು, ಕೆಂಡದಂಥ ಕೈ.

"ಸತ್ತರೂ ಮುಟ್ಟಬ್ಯಾಡ್ರಿ. ಅಲ್ಲಿ ಮಾತ್ರ. ಬ್ಯಾರೆ ಎಲ್ಲೂ ಅಲ್ಲ. ಮಾತು ಕೊಡ್ರಿ."

ಕೊಟ್ಟೆ.

೨ ಜೂನ್, ಮಧ್ಯಾಹ್ನ ನಾಲ್ಕು.

ಆಯಿತು. ಬರೆಯಬೇಕು, ಇಲ್ಲದಿದ್ದರೆ ಯಾರಿಗಾದರೂ ಹೇಳಿಬಿಡುತ್ತೇನೆ.

ಮೊನ್ನೆಯಿಂದ ಅವಳಿಗೆ ಪರಿವೆ ಇಲ್ಲ. ಬಡಬಡಿಸುತ್ತಾಳೆ. ಸಮಾಧಾನಕ್ಕೆಂದು ಪಕ್ಕದಲ್ಲಿ ಕೂತು ಸ್ಟೇಷನ್ ಹೆಸರು ಹೇಳುತ್ತಿದ್ದೆ. ವಾಡಿ ಬಂತು. ಸೋಲಾಪುರ ಬಂತು. ಹೇಳಿದರೆ ಮಲಗುತ್ತಿದ್ದಳು. ನಿಲ್ಲಿಸಿದರೆ, "ಯಾಕ ನಿಂತ್ರಿ? ಸಿಗ್ನಲ್ ಬಿದ್ದಿಲ್ಲೇನು?" ಎರಡು ದಿನ ಹಾಗೆ ಗಾಡಿ ಓಡಿಸಿದೆ. ಇವತ್ತು ಜ್ವರ ಇನ್ನೂ ಏರಿತು. ಡಾಕ್ಟರು ಅಂಗಳದಿಂದ ಹೊರಳಿ ನೋಡದೆ ಹೇಳಿದರು — ಇವತ್ತು ತೆಗೆಯದಿದ್ದರೆ ನನ್ನನ್ನು ಕರೆಯಬೇಡಿ. ಕಂಪೌಂಡರ್ ಅಲ್ಲಾಉದ್ದೀನ್ ಕತ್ತರಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾನು ಕತ್ತರಿ ಇಸಕೊಂಡೆ.

"ಯಾವ ಸ್ಟೇಷನ್ ಬಂತ್ರಿ?" ಅಂದಳು.

"ಪ್ರಯಾಗ ಬಂತು ಭಾಮಾ. ಇಳೀಬೇಕು."

ಕಣ್ಣು ತೆರೆದಳು. ಎಲ್ಲೋ ನೋಡುತ್ತಿದ್ದ ಕಣ್ಣು. ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ತೂಕವೇ ಇಲ್ಲ. ಬಾಚಿದೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಬಾಚಿದವನಲ್ಲ. ಹೆಣೆಯಲು ಬರಲಿಲ್ಲ.

"ಮೂರು ಎಳಿ ತಗೋರಿ... ಎರಡರದು ಹಗ್ಗ ಆಗ್ತದ," ಅಂದಳು.

ಮೂರು ಎಳೆ ತೆಗೆದುಕೊಂಡೆ.

"ನೀರಿನ ಸಪ್ಪಳ ಇಲ್ಲಲ್ರೀ?"

ವೀರಭದ್ರಮ್ಮ ಕಣ್ಣೊರೆಸಿಕೊಂಡು ಕೊಡದಿಂದ ಹಂಡೆಗೆ ಸಣ್ಣಗೆ ನೀರು ಸುರಿದಳು. ನಾನು ಹೇಳಿದೆ — ಬಲಕ್ಕೆ ನೋಡು ಗಂಗಿ, ಬೆಳ್ಳಗೆ. ಎಡಕ್ಕೆ ಯಮುನಿ, ಕಪ್ಪಗೆ. ನಡುವ ಗೆರಿ ಎಳೆದಂಗ ಅದ. ನೂರು ದೋಣಿ. ನಮ್ಮ ದೋಣಿ ಸರಿ ಗೆರಿ ಮ್ಯಾಲ ನಿಂತದ. ಪುಸ್ತಕದಲ್ಲಿ ಓದಿದ್ದೆಲ್ಲ ಹೇಳಿದೆ. ಓದದೆ ಇದ್ದದ್ದೂ ಹೇಳಿದೆ.

"ಕಾಣಸ್ತದ," ಅಂದಳು. "ಗೆರಿ ಕಾಣಸ್ತದ."

ವಿಧಿಯಂತೆ ಕೇಳಬೇಕು. ಕೇಳಿದೆ. "ಕೊಡ್ತೀಯೇನು?"

"ಸಂತೋಷಲೆ ಕೊಟ್ಟೆ."

ಎರಡು ಬೆರಳಗಲವಲ್ಲ. ಕತ್ತಿನ ಬುಡದಲ್ಲಿ ಕತ್ತರಿಸಿದೆ. ದಪ್ಪ ಇತ್ತು. ಒಂದೇ ಏಟಿಗೆ ಆಗಲಿಲ್ಲ. ಉಳಿದದ್ದನ್ನು ಅಲ್ಲಾಉದ್ದೀನ್ ತೆಗೆದ. ಅವನೂ ಏನೋ ಗೊಣಗುತ್ತಿದ್ದ, ದುವಾ ಇರಬೇಕು.

ನಗುತ್ತ ಮಲಗಿದ್ದಾಳೆ.

೯ ಜೂನ್.

ಜ್ವರ ಇಳಿಯಿತು.

೨೬ ಜೂನ್.

ಗೋಡೆ ಹಿಡಿದು ನಡೆಯುತ್ತಾಳೆ. ಅನ್ನ ಸೇರುತ್ತದೆ. ಬದುಕಿದಳು. ಆದರೆ —

ಪ್ರಯಾಗಕ್ಕೆ ಹೋಗಿ ಬಂದೆನೆಂದೇ ತಿಳಿದಿದ್ದಾಳೆ. ವೀರಭದ್ರಮ್ಮನಿಗೆ ಹೇಳುತ್ತಿದ್ದಳು, "ದೋಣಿ ಭಾಳ ಓಲಾಡ್ತಿತ್ರೀ. ಇವರು ಗಟ್ಟಿ ಹಿಡಕೊಂಡಿದ್ರು." ಆ ಮುದುಕಿ ನನ್ನ ಮುಖ ನೋಡಿದಳು. ನಾನು ಕೈ ಮುಗಿದೆ. "ಹೌದೇನ್ರಿ ಬಾಯಾರ," ಅಂದಳು, "ನೀರು ತಣ್ಣಗಿತ್ತೇನ್ರಿ?"

"ಐಸದಂಗ."

ಆಮೇಲೆ ಬೋಳು ತಲೆ ಸವರಿಕೊಂಡು ನನ್ನನ್ನು ಕೇಳಿದಳು, "ತುದಿ ಅಷ್ಟ ಕೊಡೋದಿತ್ತಲ್ರೀ? ಪೂರಾ ಕೊಟ್ಟುಬಿಟ್ಟಿರೇನು?"

"ಪೂರಾ ಕೊಟ್ಟೆವು."

"ಛಲೋ ಆತು ಬಿಡ್ರಿ. ನಮ್ಮವ್ವಂದೂ ನಿಮ್ಮವ್ವಂದೂ ಸೇರಿಸಿ ಕೊಟ್ಟಂಗ."

ಮೂವತ್ತು ವರ್ಷದಲ್ಲಿ ಇಷ್ಟು ಹಗುರಾಗಿ ನಕ್ಕದ್ದು ನೋಡಿಲ್ಲ. ಹೇಳಲೇ? ಹೇಳಬಾರದೆ? ನನ್ನ ಬಾಯಿಗೆ ಮೊದಲ ಸಲ ಕೆಲಸ ಸಿಕ್ಕಿದೆ — ಮುಚ್ಚಿಕೊಂಡಿರುವುದು.

ಜಡೆ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದೇನೆ. ಬಿಸಾಡಲು ಆಗಲಿಲ್ಲ. ಎಂದಾದರೂ ನಿಜವಾಗಿ ಒಯ್ದು ಬಿಡಬೇಕು.

೧೦ ಜುಲೈ.

ಕಾಶಿ, ಪ್ರಯಾಗಕ್ಕೆ ಹೋಗಿ ಬಂದವರು ಗಂಗಾ ತಾಲಿ ತರುತ್ತಾರೆ. ತಾಮ್ರದ ಪುಟ್ಟ ಗಿಂಡಿ, ಬಾಯಿಗೆ ಬೆಸುಗೆ ಹಾಕಿದ್ದು. ಮನೆಗೆ ಬಂದು ನಾಲ್ಕು ಮಂದಿಗೆ ಊಟ ಹಾಕಿ, ಅದನ್ನು ಒಡೆದು ತೀರ್ಥ ಹಂಚಬೇಕು. ಹಂಚದಿದ್ದರೆ ಯಾತ್ರೆ ಮುಗಿಯುವುದಿಲ್ಲ. ಅದು ನನಗೆ ನೆನಪೇ ಆಗಿರಲಿಲ್ಲ. ಅವಳಿಗೆ ಆಯಿತು.

"ತಾಲಿ ಎಲ್ಲಿಟ್ಟೀರಿ? ವೀರಭದ್ರಮ್ಮಗ, ವಲಿ ಪಾಷಾರ ಮನಿಯವ್ರಿಗೆ ಸುದ್ದಿ ಮುಟ್ಟಸ್ತೀನಿ. ಗುರುವಾರ ಸಮಾರಾಧನಿ ಮಾಡಿಬಿಡೋಣು."

ಇಲ್ಲೇ ಎಲ್ಲೋ ಅಂದೆ. ನೋಡುತ್ತೇನೆ ಅಂದೆ. ಶಾಲೆಗೆ ಓಡಿಹೋದೆ.

ಸಂಜೆ ಬಂದಾಗ ಪೆಟ್ಟಿಗೆ ಬಾಯಿ ತೆರೆದಿತ್ತು. ಅವಳು ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಜಡೆ.

"ನೀರಿಗೆ ಬಿಟ್ಟದ್ದು ಪೆಟ್ಟಿಗಿಯಾಗ ಹೆಂಗ ಬಂತ್ರೀ?"

ಹೇಳಿದೆ. ಎಲ್ಲ ಹೇಳಿದೆ. ಜ್ವರ, ಡಾಕ್ಟರು, ಹಂಡೆ, ಕೊಡ. ಅವಳು ಜಡೆಯ ಬುಡದಲ್ಲಿ ಕತ್ತರಿ ಎರಡು ಸಲ ಕಚ್ಚಿದ ಗುರುತನ್ನು ಬೆರಳಿನಿಂದ ಸವರುತ್ತಿದ್ದಳು.

"ನೀ ಸತ್ತುಹೋಗ್ತಿದ್ದಿ," ಅಂದೆ.

"ಅದು ನನಗ ಬಿಟ್ಟದ್ದಿತ್ತು."

ಜಡೆಯನ್ನು ಮತ್ತೆ ಪಂಚೆಯಲ್ಲಿ ಸುತ್ತುತ್ತ ಹೇಳಿದಳು, "ಇಷ್ಟು ಮಾತಾಡ್ತೀರಿ. ಒಂದು ಸುಳ್ಳು ಪೂರಾ ಹೇಳ್ಲಿಕ್ಕೆ ಬರಲಿಲ್ಲ ನಿಮಗ. ನಾ ಎಷ್ಟು ಸುಖದಾಗಿದ್ದೆ."

೨೧ ಆಗಸ್ಟ್.

"ಬಡಸ್ಲೇನು." "ಸಾಕೇನು." "ನೀರು ಕಾದಾವ." ಇವು ಮೂರೇ ಮಾತು, ಆರು ವಾರದಿಂದ.

ನಿನ್ನೆ ಶ್ರಾವಣ ಶುಕ್ರವಾರ. ವೀರಭದ್ರಮ್ಮ ಒತ್ತಾಯ ಮಾಡಿ ಗುಡಿಗೆ ಕರೆದೊಯ್ದಳಂತೆ. ಹೆಂಗಸರು ಸಾಲಾಗಿ ಕೂತಿದ್ದಾರೆ. ಯಾರೋ ಹೊಸಬಳು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಸೆರಗು ಜಾರಿ ಭಾಮಾನ ತಲೆ ಕಂಡಿತು — ಕೂದಲು ಬೆರಳುದ್ದ ಬಂದಿದೆ, ಅಷ್ಟೆ. ತಟ್ಟೆ ಅವಳನ್ನು ದಾಟಿ ಪಕ್ಕದವಳ ಮುಂದೆ ಹೋಯಿತು. ವೀರಭದ್ರಮ್ಮ ಗದರಿದಳಂತೆ, "ಲೇ, ಕಣ್ಣು ಕಾಣಂಗಿಲ್ಲೇನು? ಹಣಿ ಮ್ಯಾಲ ಕುಂಕುಮ ಐತಿ, ಗಂಡ ಗುಂಡುಕಲ್ಲಿನಂಗ ಅದಾನ!" ಆ ಹೆಂಗಸು ತಿರುಗಿ ಬರುವಷ್ಟರಲ್ಲಿ ಭಾಮಾ ಎದ್ದುಬಿಟ್ಟಿದ್ದಳು.

ಬದುಕಿದ್ದೇನೆ ನಾನು. ಇದೇ ಮನೆಯಲ್ಲಿ. ಎರಡು ಹೊತ್ತು ಉಣ್ಣುತ್ತ.

೨೦ ಸೆಪ್ಟೆಂಬರ್.

ಐದು ದಿನದಲ್ಲಿ ಮುಗಿಯಿತು. ಹಿಂದೂಸ್ತಾನದ ಫೌಜು ಬಂತು. ನಿಜಾಮರು ಸೋಲೊಪ್ಪಿದರು. ಜಂಬಣ್ಣ ಬಾವುಟ ಹಿಡಿದು ಓಣಿ ತುಂಬ ಓಡಿದ — "ಮಾಸ್ತರ್, ನಾವು ಹಿಂದೂಸ್ತಾನದಾಗ ಇದ್ದೀವ್ರಿ!"

ನಾವು ಹೋಗಲಿಲ್ಲ. ಅದೇ ಬಂತು. ನಾನಿದ್ದ ಕುರ್ಚಿಯಿಂದ ಏಳಬೇಕಾಗಲಿಲ್ಲ.

ವಲಿ ಪಾಷಾನ ಸುದ್ದಿ ಇಲ್ಲ. ಸೇಡಿಗೆ ಬರುವವರ ಹೆದರಿಕೆಗೆ ಬಾಗಿಲು ಹಾಕಿಕೊಂಡು ಕೂತಿದ್ದಾನೆ ಅನ್ನುತ್ತಾರೆ. ನಾಳೆ ಮಾನ್ವಿಗೆ ಹೋಗಬೇಕು, ಅವನ ಕಟ್ಟೆಯ ಮೇಲೆ ನಾಲ್ಕು ದಿನ ಕೂತು ಬರಬೇಕು. ಮಾತಾಡಲು ಅಲ್ಲ. ಸುಮ್ಮನೆ, ನೋಡುವವರಿಗೆ ಕಾಣಲಿ ಎಂದು.

೨೪ ಅಕ್ಟೋಬರ್.

ರಜಾ ಮಂಜೂರು. ಕಾರಣ ಕೂಡ ಕೇಳಲಿಲ್ಲ. ಹೊಸ ಸಾಹೇಬರು ನಿಂತಲ್ಲೇ ಸಹಿ ಹಾಕಿದರು. ಪಾಷಾ ಕ್ಷೇಮ.

ಹೊಳೆಯಾಚೆಯಿಂದ ಬಂದ ಹೊಸ ಡಾಕ್ಟರು ಊರಿನವರನ್ನೆಲ್ಲ ನೋಡುತ್ತಿದ್ದಾರೆ. ಭಾಮಾನನ್ನು ತೋರಿಸಿದೆ. ನಾಡಿ ನೋಡಿ, ತಲೆ ನೋಡಿ, "ಕೂದಲು ಯಾಕೆ ತೆಗೆಸಿದಿರಿ?" ಅಂದರು. ಹೇಳಿದೆ. ನಕ್ಕುಬಿಟ್ಟರು. "ಅದಕ್ಕೂ ಜ್ವರಕ್ಕೂ ಏನು ಸಂಬಂಧ? ನಾಲ್ಕನೇ ವಾರಕ್ಕೆ ಅದು ತಾನೇ ಇಳಿಯುತ್ತಿತ್ತು."

ಅವಳು ಕೇಳಿಸಿಕೊಂಡಳು. ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ರಜಾ ಹುಕುಮು ಅವಳ ಮುಂದಿಟ್ಟೆ.

"ಹೋಗೋಣು ಭಾಮಾ. ಪ್ರಯಾಗ ಒಂದೇ. ಬ್ಯಾರೆ ಎಲ್ಲೂ ಬ್ಯಾಡ. ನವೆಂಬರ್ ಎಂಟಕ್ಕ."

"ಏನು ಕೊಡ್ಲಿಕ್ಕೆ?" ಸೆರಗು ಸರಿಸಿದಳು. ಹೆಣೆಯಲು ಬಾರದಷ್ಟು ಕೂದಲು.

"ಬೆಳೀತದ. ಮೂರು ವರ್ಷ, ನಾಲ್ಕು ವರ್ಷ... ಕಾಯೋಣು. ಇಲ್ಲಾ, ಇದನ್ನ ಒಯ್ಯೋಣು. ನೀ ಪಕ್ಕದಾಗ ಇದ್ರ —"

"ಕೊಟ್ಟೆ ಅಂತ ಒಂದ ಸಲ ಹೇಳೋದು ರೀ ಅದು. ಹೇಳಿಬಿಟ್ಟೀನಿ. ಹಂಡೆ ನೀರಿಗೆ ಹೇಳೀನಿ. ಇನ್ನೊಮ್ಮೆ ಬಾಯಾಗ ಬರಂಗಿಲ್ಲ." ಸಿಟ್ಟಿಲ್ಲ, ಅಳು ಇಲ್ಲ. "ನೀವು ಹೋಗಿ ಬಿಟ್ಟು ಬರ್ರಿ."

"ನೀ ಇಲ್ಲದ ಹೆಂಗ ಆಗ್ತದ?"

"ಆವತ್ತು ನಾ ಎಲ್ಲಿದ್ದೆ?"

ಹುಕುಮು ಮಡಚಿ ಡೈರಿಯೊಳಗಿಟ್ಟೆ.

೮ ನವೆಂಬರ್, ಸೋಮವಾರ. ರಾಯಚೂರು ಸ್ಟೇಷನ್. ಬೆಳಿಗ್ಗೆ.

ಬೆಂಚಿನ ಮೇಲೆ ಕೂತು, ಪೆನ್ಸಿಲಿನಲ್ಲಿ. ಒಬ್ಬನೇ.

ಚೀಲ ಅವಳೇ ಕಟ್ಟಿದಳು. ಹೊಸ ಅವಲಕ್ಕಿ, ಚಟ್ನಿಪುಡಿ, ಎರಡು ಪಂಚೆ. ಕೊನೆಗೆ ಆ ಗಂಟು ತಂದು ಕೈಯಲ್ಲಿಟ್ಟಳು. "ಬಿಟ್ಟು ಬರ್ರಿ," ಅಂದಳು. "ಬಂದು ಏನೂ ಹೇಳಬ್ಯಾಡ್ರಿ. ನೀರು ಹೆಂಗಿತ್ತು, ದೋಣಿ ಹೆಂಗಿತ್ತು — ಏನೂ ಬ್ಯಾಡ." ಬಸ್ಸಿನ ತನಕ ಬಂದಳು. ಬಸ್ಸು ಹೊರಳುವ ತನಕ ನಿಂತಿದ್ದಳು. ಸೆರಗು ಹಲ್ಲಲ್ಲಿ ಕಚ್ಚಿಕೊಂಡು.

ಅಲ್ಲಿ ವಿಧಿ ಮಾಡಿಸುವ ಪಂಡಾ ಕೇಳುತ್ತಾನೆ, ಮನೆಯವರು ಎಲ್ಲಿ? ಏನು ಹೇಳಲಿ? ಜಡೆ ಹಿಡಿದು ಒಬ್ಬನೇ ಬಂದ ಗಂಡಸನ್ನು ನೋಡಿದರೆ ಹೆಂಡತಿ ಸತ್ತವನು ಅಂದುಕೊಳ್ಳುತ್ತಾನೆ. ಇಲ್ಲ, ಇದ್ದಾಳೆ ಅಂದರೆ, ಮತ್ತೆ ಯಾಕೆ ಕರೆತರಲಿಲ್ಲ ಅನ್ನುತ್ತಾನೆ. ಅಲ್ಲಿಂದ ಶುರು ಮಾಡಬೇಕಾಗುತ್ತದೆ. ಅಧಿಕ ಮಾಸದಿಂದ. ಕೇಳುವ ತಾಳ್ಮೆ ಅವನಿಗೆ ಇದ್ದೀತು. ಹೇಳುವ ಬಾಯಿ ನನಗೆ ಇಲ್ಲ.

ಗಾಡಿ ಬಂತು. ಐದು ನಿಮಿಷ ನಿಲ್ಲುತ್ತದೆ.

ಹತ್ತಿದರೆ, ಅವಳನ್ನು ಬಿಟ್ಟು ಪ್ರಯಾಗಕ್ಕೆ ಹೋದವನು. ಹತ್ತದೆ ತಿರುಗಿ ಹೋದರೆ, ಮತ್ತೊಮ್ಮೆ ತಿರುಗಿ ಬಂದವನು. ಬಾಗಿಲು ತೆರೆದು ಇಬ್ಬರಲ್ಲಿ ಯಾರನ್ನು ನೋಡಿದರೆ ಅವಳಿಗೆ ಕಡಿಮೆ ನೋವಾದೀತು? ಇದರಲ್ಲಿ ಒಂದನ್ನೂ ಅವಳನ್ನು ಕೇಳಿ ಮಾಡಿದವನಲ್ಲ. ಇವತ್ತು ಕೇಳಬೇಕು ಅನಿಸುತ್ತಿದೆ. ಅವಳು ಮೂವತ್ತೈದು ಮೈಲಿ ದೂರದಲ್ಲಿದ್ದಾಳೆ, ಈಗ ಒಲೆಯ ಮುಂದೆ ಕೂತಿರುತ್ತಾಳೆ, ಒಬ್ಬಳಿಗೇ ಅನ್ನ —

ಗಾರ್ಡ್ ಹಸಿರು ಬಾವುಟ ಬಿಚ್ಚಿದ. ಪಕ್ಕದವರು ಕೂಗುತ್ತಿದ್ದಾರೆ, ಯಜಮಾನ್ರ ಹತ್ರಿ, ಹತ್ರಿ. ಭಾಮಾ, ನಾನು —